ಕೂಡಿ ಕೂತು ಬರೆಯೋಣ

ನಿವೃತ್ತಿಯ ದಿನ ಮಾಸ್ತರರಿಗೆ ಶಾಲು, ಹಾರ, ಫಲಪುಷ್ಪ ಎಲ್ಲ ಸಿಗುತ್ತವೆ. ಮರುದಿನದಿಂದ ಕೇಳುವವರು ಸಿಗುವುದಿಲ್ಲ. ಮೂರು ದಶಕ ತರಗತಿ ತುಂಬ ಮಕ್ಕಳ ಮುಂದೆ ಮಾತಾಡಿದವರಿಗೆ ಮಧ್ಯಾಹ್ನದ ಹೊತ್ತು ಕಳೆಯುವುದೇ ಕಷ್ಟ. ಪಿಂಚಣಿಯಿಂದ ಮನೆ ನಡೆಯುತ್ತದೆ, ಒಂಟಿತನ ನೀಗುವುದಿಲ್ಲ. ಇದಕ್ಕೆ ನಮ್ಮ ಸೀಮೆಯಲ್ಲಿ ಹಳೆಯದೊಂದು ಮದ್ದಿದೆ: ಬರೆಯುವುದು, ಬರೆದದ್ದನ್ನು ಗೆಳೆಯರ ನಡುವೆ ಓದುವುದು.

1920ರ ದಶಕದಲ್ಲಿ ಧಾರವಾಡದಲ್ಲಿ ಕವಿ ದ.ರಾ. ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿತು. ಅವರೂ ಶಂ.ಬಾ. ಜೋಶಿಯವರೂ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ಗೋಕಾಕ ಸೀಮೆಯ ಬೆಟಗೇರಿಯ ಕೃಷ್ಣಶರ್ಮರು 'ಆನಂದಕಂದ' ಎಂಬ ಕವಿಯಾಗಿ ಬೆಳೆದದ್ದು ಅದೇ ಬಳಗದಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂಬಾ ಅವರು ನೌಕರಿ ಮುಗಿದ ಮೇಲೂ ದಶಕಗಟ್ಟಲೆ ಬರೆದರು. 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1970ರಲ್ಲಿ. ಆಗ ಅವರು ಎಪ್ಪತ್ತು ದಾಟಿದ್ದರು.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಎಂದರೆ ಮೊದಲೇ ಮಾತಿನ ನೆಲ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದಾಟ, ಅದನ್ನು ಹಾಡಿದ ಕೌಜಲಗಿ ನಿಂಗಮ್ಮನ ಕಂಠ, ಮಲಾಮರಡಿಯ ಬಸವರಾಜ ಕಟ್ಟೀಮನಿ, ಘೋಡಗೇರಿಯ ಚಂದ್ರಶೇಖರ ಕಂಬಾರ ಎಲ್ಲ ಇಲ್ಲಿಂದಲೇ ಬಂದದ್ದು. ಆದರೂ ಇಲ್ಲಿ ಇನ್ನೂ ಬರೆಯದೆ ಉಳಿದದ್ದು ಬಹಳ, ಅದರ ದೊಡ್ಡ ಪಾಲು ಶಿಕ್ಷಕರ ನೆನಪಿನಲ್ಲಿದೆ. ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ತಂದೆತಾಯಿ ಹೊರಟಾಗ ಶಾಲೆ ಬಿಟ್ಟ ಹುಡುಗಿಯ ಹೆಸರು ಅಕ್ಕೋರಿಗೆ ನೆನಪಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದಾಗ ಪುಸ್ತಕ, ದಾಖಲೆಗಳ ಪಾಡು ಏನಾಯಿತೆಂಬುದು ಕಂಡವರಿಗೇ ಗೊತ್ತು. ಮನೆಯಲ್ಲಿ ಮರಾಠಿ ಆಡುವ ಮಗು ಕನ್ನಡ ಅಕ್ಷರಕ್ಕೆ ಹೇಗೆ ಒಲಿಯಿತೆಂಬುದನ್ನು ಅದಕ್ಕೆ ಅಕ್ಷರ ತಿದ್ದಿಸಿದವರೇ ಹೇಳಬೇಕು.

ಇದನ್ನೆಲ್ಲ ಬರೆದು ಕೂಡಿ ಓದಲು ಸಭಾಂಗಣ, ಬ್ಯಾನರು, ಅಧ್ಯಕ್ಷರು ಬೇಕಿಲ್ಲ. ಯಾರದಾದರೂ ಪಡಸಾಲೆ, ಒಂದು ಚಾಪೆ, ಚಹಾ, ಚುರಮುರಿ ಸಾಕು. ಒಬ್ಬೊಬ್ಬರೂ ಎರಡು ಪುಟ ಬರೆದು ತರಬೇಕು. ಸಾವಿರಾರು ಉತ್ತರ ಪತ್ರಿಕೆಗಳ ಮೇಲೆ ಕೆಂಪು ಶಾಯಿ ಎಳೆದ ಕೈ ತನ್ನದೇ ಹಾಳೆ ಹಿಡಿದಾಗ ಸಣ್ಣಗೆ ನಡುಗುತ್ತದೆ. ಹೆಡ್‌ಮಾಸ್ತರರಾಗಿದ್ದವರೂ ಒತ್ತಕ್ಷರದ ಬಳಿ ತಡವರಿಸುತ್ತಾರೆ. "ಸರ, ಆ ಸಾಲು ಇನ್ನೊಮ್ಮೆ ಓದ್ರಿ" ಎಂದು ಪಕ್ಕದವರು ಕೇಳಿದರೆ ಮುಖ ಅರಳುತ್ತದೆ. ಹುದ್ದೆಯ ಹೆಚ್ಚುಕಡಿಮೆ, ವರ್ಗಾವಣೆಯ ಹಳೆಯ ಮುನಿಸು ಅಲ್ಲಿ ತಾನಾಗಿ ಕರಗುತ್ತವೆ. ಒಬ್ಬರು ಸತ್ತ ಮಡದಿಯ ಬಗ್ಗೆ ಬರೆದದ್ದನ್ನು ಓದಿ ಮುಗಿಸಿದ ಮೇಲೆ ಉಳಿದವರು ಅವರನ್ನು ಒಬ್ಬರೇ ಮನೆಗೆ ಹೋಗಗೊಡುವುದಿಲ್ಲ. ಬರವಣಿಗೆ ಹೇಗಿತ್ತು ಎಂಬುದು ಆಮೇಲಿನ ಮಾತು. ಇಳಿವಯಸ್ಸಿನ ಗೆಳೆತನ ಕಟ್ಟುವುದು ಹೀಗೆ ಒಬ್ಬರ ಬದುಕನ್ನು ಇನ್ನೊಬ್ಬರು ಗಮನವಿಟ್ಟು ಆಲಿಸುವುದರಿಂದ.

ನಿವೃತ್ತ ಗುರುಗಳೇ, ಅಕ್ಕೋರೇ, ಈ ಭಾನುವಾರ ಹಳೆಯ ಸಹೋದ್ಯೋಗಿಗೆ ಒಂದು ಫೋನ್ ಮಾಡಿ. ನೀವು ಮೊದಲು ಹಾಜರಾದ ಶಾಲೆಯ ಬಗ್ಗೆ ಎರಡು ಪುಟ ಬರೆದುಕೊಂಡು ಅವರ ಮನೆಗೆ ಹೋಗಿ, ಅವರಿಗೂ ಬರೆಯಲು ಹೇಳಿ. ವರ್ಷ ತುಂಬಿದಾಗ ಎಲ್ಲರ ಹಾಳೆಗಳನ್ನೂ ಕೂಡಿಸಿ ಹೊಲಿಸಿ, ಒಂದು ಪ್ರತಿಯನ್ನು ನಿಮ್ಮೂರ ಶಾಲೆಗೆ ಕೊಡಿ. ಅಲ್ಲಿ ಓದುವ ಮಕ್ಕಳಿದ್ದಾರೆ.