ದಯೆಯ ಬೆಲೆ ತೆರುವವರಾರು?

ಮೀನು ಸಾಕುವ ಕೊಳಕ್ಕೆರಗುವ ನೀರುಕಾಗೆಯನ್ನು ಕೊಲ್ಲಬಹುದೇ? ಈ ಪ್ರಶ್ನೆಯನ್ನು ಮೀನು ಮುಟ್ಟದ ನಮ್ಮಂಥವರ ಮುಂದಿಟ್ಟರೆ ಉತ್ತರ ಒಡನೆಯೇ ಬರುತ್ತದೆ: ಕೂಡದು. ಕೊಲ್ಲುವುದಕ್ಕೆಂದೇ ಮೀನು ಸಾಕಿದವನು ಹಕ್ಕಿಯನ್ನು ದೂರುವುದೇನು ಎಂಬ ಕುಹಕದ ಮಾತೊಂದನ್ನೂ ಸೇರಿಸಿಬಿಡುತ್ತೇವೆ. ಇಷ್ಟು ಸುಲಭವಾಗಿ ದೊರೆತ ಉತ್ತರವನ್ನು ತುಸು ಅನುಮಾನದಿಂದಲೇ ನೋಡಬೇಕು. ಆ ಕೊಳದಲ್ಲಿ ನಾವು ಕಳೆದುಕೊಳ್ಳುವುದು ಏನೂ ಇಲ್ಲವಷ್ಟೆ. ಜೋಳ ತೆನೆಗಟ್ಟಿದಾಗ ಹೊಲದ ನಡುವೆ ಅಟ್ಟಣೆ ಕಟ್ಟಿ, ಕವಣೆ ಬೀಸಿ ಹಕ್ಕಿಗಳನ್ನು ಓಡಿಸುವವರು ನಾವೇ ಅಲ್ಲವೇ?

ಹಕ್ಕಿಯ ಪರವಾದ ವಾದ ನೇರವಾದುದು. ಕಳವೆನಿಸಬೇಕಾದರೆ ಇದು ಪರರ ಸ್ವತ್ತೆಂಬ ಅರಿವಿರಬೇಕು. ನೀರುಕಾಗೆಗೆ ಕೆರೆಯೂ ಒಂದೇ, ಸಾಕಣೆಯ ಕೊಳವೂ ಒಂದೇ. ಆಳವಿಲ್ಲದ, ಮರೆಯಿಲ್ಲದ ನೀರಿನಲ್ಲಿ ಸಾವಿರಾರು ಮೀನುಗಳನ್ನು ಒತ್ತೊತ್ತಾಗಿ ಬಿಟ್ಟವನು ಮನುಷ್ಯ. ಎಡೆ ಬಡಿಸಿಟ್ಟು, ಉಂಡವನನ್ನು ಕಳ್ಳನೆನ್ನುವುದು ನ್ಯಾಯವಲ್ಲ.

ಆದರೆ ಸಾಕಣೆದಾರನ ನಷ್ಟವೂ ಸುಳ್ಳಲ್ಲ. ಅಮೆರಿಕದ ಮಿಸಿಸಿಪ್ಪಿ ಪ್ರಾಂತದಲ್ಲಿ ಕ್ಯಾಟ್‌ಫಿಶ್ ಸಾಕುವ ಕೊಳಗಳಿಗೆ ಪ್ರತಿ ಚಳಿಗಾಲದಲ್ಲಿಯೂ ಉತ್ತರದಿಂದ ನೀರುಕಾಗೆಗಳು ಹಿಂಡುಹಿಂಡಾಗಿ ಬರುತ್ತವೆ. ಒಂದೊಂದು ಹಕ್ಕಿ ದಿನಕ್ಕೆ ಸುಮಾರು ಅರ್ಧ ಕಿಲೋ ಮೀನು ತಿನ್ನುತ್ತದೆ. ಡಿ.ಡಿ.ಟಿ. ವಿಷದಿಂದ ಕ್ಷೀಣಿಸಿದ್ದ ಈ ಸಂಕುಲವು, 1972ರಲ್ಲಿ ಆ ವಿಷಕ್ಕೆ ನಿಷೇಧವೂ ತನಗೆ ಕಾನೂನಿನ ರಕ್ಷಣೆಯೂ ದೊರೆತ ಬಳಿಕ ಚೇತರಿಸಿಕೊಂಡಿತು. ಉಳಿಸಿದ ಕೀರ್ತಿ ದೇಶಕ್ಕೆ, ಉಣಿಸುವ ಹೊಣೆ ಕೊಳದವನಿಗೆ! 1998ರಲ್ಲಿ ಅಲ್ಲಿನ ಸರಕಾರ ಸಾಕಣೆದಾರರಿಗೆ ಈ ಹಕ್ಕಿಗಳನ್ನು ಕೊಲ್ಲಲು ಅನುಮತಿಯಿತ್ತಿತು. 2016ರಲ್ಲಿ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಮತ್ತೆ 2020ರಲ್ಲಿ ಹೊಸ ನಿಯಮಗಳು ಬಂದವು. ವಲಸೆಯ ಹಿಂಡಿನಲ್ಲಿ ಒಂದು ಸತ್ತರೆ ಅದರ ಎಡೆಗೆ ಇನ್ನೊಂದು ಬಂದು ಇಳಿಯುತ್ತದೆ. ಕೊಲೆಯಿಂದ ಕೊಳ ನಿಶ್ಚಿಂತವಾಗುವುದಿಲ್ಲ.

ಕೊಲ್ಲದೆ ಕಾಯುವ ಉಪಾಯಗಳಿವೆ, ಆದರೆ ಪುಕ್ಕಟೆಯಾಗಿ ಬರುವುವಲ್ಲ. ಬೆದರುಬೊಂಬೆಗೂ ಪಟಾಕಿಯ ಸದ್ದಿಗೂ ಹಕ್ಕಿಗಳು ಬೇಗನೆ ಒಗ್ಗಿಕೊಳ್ಳುತ್ತವೆ. ಬಲೆ ಹೊದಿಸುವುದು ನಂಬಬಹುದಾದ ಮಾರ್ಗ. ಅದನ್ನೂ ಬಿಗಿಯಾಗಿ ಕಟ್ಟಬೇಕು, ಸಡಿಲವಾದರೆ ಹಕ್ಕಿ ಅದರಲ್ಲಿಯೇ ಸಿಕ್ಕಿ ಸಾಯುತ್ತದೆ. ಎಕರೆಗಟ್ಟಲೆ ನೀರಿಗೆ ಬಲೆ ಹಾಕುವುದು ಬಡ ಸಾಕಣೆದಾರನ ಕೈಗೆಟುಕುವ ಮಾತಲ್ಲ. ನಮ್ಮ ದೇಶದ 1972ರ ವನ್ಯಜೀವಿ ಕಾಯ್ದೆಯು ಕೊಲ್ಲಬೇಡವೆನ್ನುತ್ತದೆ. ಒಪ್ಪತಕ್ಕ ಮಾತೇ. ಆದರೆ ಸಮಾಜವೆಲ್ಲ ಕೂಡಿ ಕೈಕೊಂಡ ದಯೆಗೆ ಒಬ್ಬನೇ ಬೆಲೆ ತೆರಬೇಕೆಂದರೆ, ಉಳಿದವರು ಮಾಡುತ್ತಿರುವುದು ದಯೆಯೋ, ದಯೆಯ ಉಪದೇಶವೋ?

ಇದಕ್ಕೆ ಬೇರೊಂದು ದಾರಿಯುಂಟೆಂಬುದನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಕಾಣಬಹುದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮೊದಲಾದ ಮರಗಳಲ್ಲಿ ಗೂಡುಕಟ್ಟಿ, ಸುತ್ತಣ ಕೆರೆಗಳಿಂದಲೂ ಶಿಂಷಾ ಹೊಳೆಯಿಂದಲೂ ಮೀನು ತಂದು ಮರಿಗಳನ್ನು ಸಾಕುತ್ತವೆ. ಗೂಡಿರುವ ಮರದ ಹುಣಸೆಹಣ್ಣನ್ನು ಮರದೊಡೆಯರು ಬಿಟ್ಟುಕೊಟ್ಟರು. ಉದುರುವ ಹಿಕ್ಕೆ ಹೊಲಕ್ಕೆ ಗೊಬ್ಬರವಾಯಿತು. ಹಣ್ಣಿನ ನಷ್ಟಕ್ಕೆ ಅರಣ್ಯ ಇಲಾಖೆಯು ಪರಿಹಾರ ನೀಡುವ ಏರ್ಪಾಟು ಬಂತು. 2007ರಲ್ಲಿ ಆ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಮರದೊಡೆಯನಿಗೆ ಸಂದ ನ್ಯಾಯ ಕೊಳದವನಿಗೇಕೆ ಸಲ್ಲಬಾರದು? ಬಲೆಯ ವೆಚ್ಚದಲ್ಲಿ ಸರಕಾರದ್ದೊಂದು ಪಾಲು, ಸಹಕಾರ ಸಂಘದ್ದೊಂದು ಪಾಲು ಇರಲಿ. ಮೀನುಮರಿ ಬೆಳೆಸುವ ಕೊಳಗಳು ಹೇಗೂ ಚಿಕ್ಕವು. ಬಲೆ ಹೊದಿಸುವುದನ್ನು ಅಲ್ಲಿಂದಲೇ ಮೊದಲುಮಾಡಬಹುದು.