ಬಾಗಿಲಲ್ಲಿ ನಿಂತವನು

ಇಂಗ್ಲಿಷಿನಲ್ಲಿ ಅತಿಥಿಗೆ ‘ಗೆಸ್ಟ್’ ಎನ್ನುತ್ತಾರೆ. ಹಗೆತನದಿಂದ ಕೂಡಿದ್ದಕ್ಕೆ ‘ಹಾಸ್ಟೈಲ್’ ಎನ್ನುತ್ತಾರೆ. ಎರಡೂ ಒಂದೇ ಬೇರಿನ ಚಿಗುರುಗಳೆಂದರೆ ಯಾರೂ ಒಮ್ಮೆಗೇ ನಂಬಲಾರರು. ನಿಘಂಟಿನಲ್ಲಿ ಕಂಡಾಗ ನಾನೂ ನಂಬಲಿಲ್ಲ.

ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿ ‘ಘೋಸ್ತಿ’ ಎಂಬೊಂದು ರೂಪವಿದ್ದಿರಬೇಕೆಂದು ಭಾಷಾಶಾಸ್ತ್ರಜ್ಞರು ಊಹಿಸಿದ್ದಾರೆ. ಹೊರಗಿನಿಂದ ಬಂದವನು, ಕೊಟ್ಟುಕೊಳ್ಳುವ ಋಣಕ್ಕೆ ಒಳಗಾದವನು ಎಂದು ಅದರ ಭಾವ. ಇದರ ಒಂದು ಕವಲು 4ನೆಯ ಶತಮಾನದ ಗಾಥಿಕ್ ಬೈಬಲ್ಲಿನಲ್ಲಿ ‘ಗಸ್ತ್ಸ್’ ಎಂದು ಕಾಣುತ್ತದೆ. ಹಳೆಯ ಇಂಗ್ಲಿಷಿನಲ್ಲಿಯೂ ಇದ್ದ ಈ ಮಾತು, ನಾರ್ಸ್ ಭಾಷೆಯ ‘ಗೆಸ್ಟರ್’ ಎಂಬುದರ ಸಹವಾಸದಿಂದ ಇಂದಿನ ‘ಗೆಸ್ಟ್’ ಆಯಿತು.

ಇನ್ನೊಂದು ಕವಲು ಲ್ಯಾಟಿನ್ನಿನ ‘ಹೋಸ್ತಿಸ್’. ಪೂರ್ವಿಕರಲ್ಲಿ ಪರದೇಶಿಯನ್ನಷ್ಟೇ ಸೂಚಿಸುತ್ತಿದ್ದ ಈ ಮಾತು ಬರಬರುತ್ತ ಕಠೋರವಾಗಿ ಶತ್ರುವಿಗೆ ಅಂಟಿಕೊಂಡಿತೆಂದು ಕ್ರಿ.ಪೂ. 44ರಲ್ಲಿಯೇ ಸಿಸೆರೋ ಗುರುತಿಸಿದ್ದಾನೆ. ‘ಹಾಸ್ಟೈಲ್’ ಅದರ ಸಂತಾನ. ಆದರೆ ಅದೇ ಲ್ಯಾಟಿನ್ನಿನಲ್ಲಿ ‘ಹೋಸ್ಪೆಸ್’ ಎಂಬ ಮಾತೂ ಉಂಟು. ಅದರ ಉತ್ತರಾರ್ಧ ಸಂಸ್ಕೃತದ ‘ಪತಿ’ಗೆ ದಾಯಾದಿ. ಮನೆಯೊಡೆಯನಿಗೂ ಬಂದವನಿಗೂ ಅದೊಂದೇ ಹೆಸರು! ಹೋಟೆಲು, ಹಾಸ್ಟೆಲು, ನಮ್ಮ ಹಳ್ಳಿಗರ ಬಾಯಲ್ಲಿಯೂ ಪಳಗಿದ ಆಸ್ಪತ್ರೆ, ಎಲ್ಲವೂ ಈ ಮನೆತನದವೇ.

ಹಾಗೆಂದು ‘ಗೆಸ್ಟ್’ ಎಂದವರು ಸಜ್ಜನರು, ‘ಹೋಸ್ತಿಸ್’ ಎಂದವರು ಕ್ರೂರಿಗಳು ಎಂದು ತೀರ್ಮಾನಿಸುವುದು ಹುಡುಗಾಟವಾದೀತು. ಯುದ್ಧ ಮಾಡದ ಜನಾಂಗ ಅವೆರಡರಲ್ಲಿ ಯಾವುದು? ಶಬ್ದದ ಹುಟ್ಟಿನಿಂದ ನೀತಿ ಸಿದ್ಧಿಸುವುದಿಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ: ಬಂದವನು ಬರಿಯ ಅಪರಿಚಿತ, ಅವನನ್ನು ಅತಿಥಿಯೆಂದೋ ಹಗೆಯೆಂದೋ ಕರೆಯುವವರು ಯಾರು?

ಈ ಪ್ರಶ್ನೆಗೆ ನಾನೂ ಉತ್ತರವಾದಿ. ಕೆಲವು ವರ್ಷಗಳ ಹಿಂದೆ, ಒಂದು ಮಳೆಯ ರಾತ್ರಿ, ಯಾರೋ ನಮ್ಮ ಮನೆಯ ಬಾಗಿಲು ತಟ್ಟಿದರು. ಕೊನೆಯ ಬಸ್ಸು ತಪ್ಪಿತೆಂದೂ ಬೆಳಗಿನವರೆಗೆ ಜಗಲಿಯ ಮೇಲೆ ಮಲಗುವೆನೆಂದೂ ಹೊರಗಿನ ದನಿ ಬೇಡಿತು. ಬಾಗಿಲು ತೆರೆಯದೆಯೇ, “ಬಸ್ ನಿಲ್ದಾಣದ ಹತ್ತಿರ ಛತ್ರವಿದೆ, ಅಲ್ಲಿಗೆ ಹೋಗಿ” ಎಂದೆ. “ಆಗಲಿ ಸ್ವಾಮಿ” ಎಂದು ಆತ ಹೊರಟುಹೋದ.

ನನ್ನ ಅಂಜಿಕೆ ಅಕಾರಣವೆಂದು ಹೇಳಲಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಆದರೂ ಕಿಟಕಿಯಿಂದ ಒಮ್ಮೆ ನೋಡಬಹುದಾಗಿತ್ತು. ಮುಖ ಕಾಣುವ ಮೊದಲೇ ನಾನು ಅವನಿಗೆ ಹೆಸರಿಟ್ಟಿದ್ದೆ. ನಿಘಂಟಿನಲ್ಲಿ ಆ ಎರಡು ಮಾತುಗಳು ಎದುರಾದಾಗಲೆಲ್ಲ ಆ ದನಿ ನೆನಪಾಗುತ್ತದೆ.