ಬ್ರೌಸರ್ ಹೇಳಿದ ಸುಳ್ಳು

ಹಳೆಯ ಬ್ರೌಸರ್ ಒಂದು ತನ್ನ ಹೆಸರನ್ನು ಬದಲಿಸಿ ಹೇಳಿ ವಿಡಿಯೋ ಓಡಿಸಿಕೊಂಡರೆ ಅದು ಸುಳ್ಳು ಹೇಳಿದಂತೆಯೇ? ಪ್ರಶ್ನೆ ಚಿಲ್ಲರೆಯದು ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಕೊಪ್ಪಳದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಲಬುರ್ಗಾ ಕಡೆಯ ಹುಡುಗನೊಬ್ಬನ ಬಳಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇದೆ. ವಿಂಡೋಸ್ 7, ಅದರಲ್ಲಿ ಕ್ರೋಮ್ 109. ವಿಂಡೋಸ್ 7ಕ್ಕೆ ಗೂಗಲ್ ಕೊಟ್ಟ ಕೊನೆಯ ಕ್ರೋಮ್ ಅದೇ, 2023ರ ಜನವರಿಯದು. ಪಾಠದ ತಾಣವೊಂದು ವಿಡಿಯೋ ಬರಬೇಕಾದ ಜಾಗದಲ್ಲಿ ‘ನಿಮ್ಮ ಬ್ರೌಸರ್ ಹಳೆಯದು, ನವೀಕರಿಸಿ’ ಎಂದು ತೋರಿಸುತ್ತಿತ್ತು. ನವೀಕರಿಸಲು ಹೋದರೆ ‘ನಿಮ್ಮ ಕಂಪ್ಯೂಟರ್ ಹಳೆಯದು’ ಎಂಬ ಉತ್ತರ. ಹುಡುಗ ಎಫ್12 ಒತ್ತಿ, ‘ನೆಟ್‌ವರ್ಕ್ ಕಂಡಿಷನ್ಸ್’ ಎಂಬಲ್ಲಿಗೆ ಹೋಗಿ, ತಾಣಕ್ಕೆ ಹೋಗುವ ಬ್ರೌಸರಿನ ಹೆಸರು–ಸಂಖ್ಯೆಯ ಸಾಲನ್ನು ಅಳಿಸಿ ಹೊಸ ಕ್ರೋಮ್‌ನ ಸಾಲು ಹಾಕಿದ. ವಿಡಿಯೋ ಒಂದು ಕಡೆಯೂ ಮುಗ್ಗರಿಸದೆ ಓಡಿತು. ‘ಅಣ್ಣಾ, ಹೆಸರಷ್ಟ ಬದ್ಲಿ ಮಾಡೀನಿ, ಓಡಾಕತ್ತೈತಿ ನೋಡ್ರಿ’ ಅಂದ. ಸ್ವಲ್ಪ ಹೊತ್ತಿನ ಮೇಲೆ, ‘ಇದು ಮೋಸ ಏನ್ರಿ?’ ಎಂದೂ ಕೇಳಿದ.

ಆ ಸಾಲಿಗೆ ಯೂಸರ್ ಏಜೆಂಟ್ ಎನ್ನುತ್ತಾರೆ. ಅದರ ಚರಿತ್ರೆಯೇ ಸುಳ್ಳಿನ ಚರಿತ್ರೆ. 1990ರ ದಶಕದಲ್ಲಿ ನೆಟ್‌ಸ್ಕೇಪ್ ತನ್ನನ್ನು ‘ಮೊಜಿಲ್ಲಾ’ ಎಂದು ಕರೆದುಕೊಳ್ಳುತ್ತಿತ್ತು. ಚೆಂದದ ಪುಟಗಳನ್ನು ಮೊಜಿಲ್ಲಾಕ್ಕೆ ಮಾತ್ರ ಕೊಡುವುದು ತಾಣಗಳ ರೂಢಿಯಾಯಿತು. ಆಮೇಲೆ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೂ ಆ ಪುಟಗಳು ಬೇಕಿದ್ದವು, ಅದೂ ‘ಮೊಜಿಲ್ಲಾ’ ಅಂದಿತು. ಸಫಾರಿ ‘ಗೆಕ್ಕೋ ಥರದವನು’ ಎಂದು ಸೇರಿಸಿಕೊಂಡಿತು. 2008ರಲ್ಲಿ ಬಂದ ಕ್ರೋಮ್ ಇವರೆಲ್ಲರ ಹೆಸರನ್ನೂ ಹೊತ್ತುಕೊಂಡಿತು. ಇವತ್ತಿಗೂ ಕ್ರೋಮ್‌ನ ಪರಿಚಯ ಶುರುವಾಗುವುದು ‘ಮೊಜಿಲ್ಲಾ’ದಿಂದಲೇ. 2019ರ ಕೊನೆಗೆ ವಿವಾಲ್ಡಿ ಎಂಬ ಸಣ್ಣ ಬ್ರೌಸರ್ ತನ್ನ ಹೆಸರು ಹೇಳುವುದನ್ನೇ ಬಿಟ್ಟು ಕ್ರೋಮ್ ಎಂದೇ ಹೇಳಿಕೊಳ್ಳತೊಡಗಿತು. ಒಳಗೆ ಕ್ರೋಮ್‌ನದೇ ಎಂಜಿನ್ ಇದ್ದರೂ ಹೆಸರು ಕೇಳಿದ ಕೂಡಲೇ ಎಷ್ಟೋ ತಾಣಗಳು ಅದನ್ನು ತಡೆಯುತ್ತಿದ್ದವು. ಹುಡುಗ ಮಾಡಿದ್ದನ್ನು ಕಂಪನಿಗಳು ದಶಕಗಳಿಂದ ಮಾಡುತ್ತ ಬಂದಿವೆ. ಅದಕ್ಕೇ ಸರಿ ಎಂದಲ್ಲ. ಅವನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸಬೇಕಿಲ್ಲ ಎಂದಷ್ಟೇ.

ಕಾಂಟ್ 1797ರ ಪ್ರಬಂಧದಲ್ಲಿ, ಕೊಲೆಗಾರನೇ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳಕೂಡದು ಎಂದು ವಾದಿಸಿದ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಈ ಹಟ ಅಷ್ಟೇನೂ ಹೊಸದಲ್ಲ. ಅವನು ಉತ್ತರ ಕೊಡುತ್ತಿದ್ದದ್ದು ಬೆಂಜಮಿನ್ ಕಾನ್‌ಸ್ಟಂಟ್‌ಗೆ. ಸತ್ಯವನ್ನು ತಿಳಿಯುವ ಹಕ್ಕು ಇರುವವರಿಗೆ ಮಾತ್ರ ಸತ್ಯ ಹೇಳುವ ಕರ್ತವ್ಯ ನಮಗಿದೆ ಎಂಬುದು ಕಾನ್‌ಸ್ಟಂಟ್‌ನ ನಿಲುವು. ನನಗೆ ಇಬ್ಬರಿಗಿಂತ ಮೊದಲು ಕಾಣುವುದು ಬಾಗಿಲಲ್ಲಿ ಕೇಳುವ ಪ್ರಶ್ನೆ. ತಾಣಕ್ಕೆ ಬೇಕಾದದ್ದು ‘ಇದನ್ನು ಓಡಿಸಬಲ್ಲೆಯಾ?’ ಎಂಬುದರ ಉತ್ತರ. ಅದು ಕೇಳಿದ್ದು ‘ನೀನು ಯಾರು?’ ಎಂದು.

ಸರಿಯಾದ ಪ್ರಶ್ನೆ ಕೇಳಲು ದಾರಿ ಇಲ್ಲದೆ ಇಲ್ಲ. ಎಚ್‌ಟಿಎಂಎಲ್5 ವಿಡಿಯೋದಲ್ಲಿ ‘ಕ್ಯಾನ್‌ಪ್ಲೇಟೈಪ್’ ಎಂಬ ಸೌಲಭ್ಯವಿದೆ. ಈ ಬಗೆಯ ವಿಡಿಯೋ ಓಡಿಸಬಲ್ಲೆಯಾ ಎಂದು ಬ್ರೌಸರನ್ನೇ ಕೇಳಬಹುದು. ಅದು ಕೊಡುವ ಉತ್ತರ ಮೂರೇ: ‘ಬಹುತೇಕ’, ‘ಇರಬಹುದು’, ಇಲ್ಲವೇ ಖಾಲಿ ಸಾಲು. ‘ಖಂಡಿತ’ ಎಂಬ ಮಾತೇ ಅದರ ಬಾಯಲ್ಲಿಲ್ಲ. ಓಡಿಸಿ ನೋಡುವ ತನಕ ಯಾರಿಗೂ ಖಂಡಿತ ಗೊತ್ತಿರುವುದಿಲ್ಲ ಎಂಬ ಕಾರಣಕ್ಕೆ. ಸತ್ಯದ ಬಗ್ಗೆ ಇಷ್ಟು ಎಚ್ಚರದ ಮಾತನ್ನು ನಮ್ಮ ವಿಚಾರ ಸಂಕಿರಣಗಳಲ್ಲೂ ನಾನು ಕೇಳಿದ್ದು ಕಡಿಮೆ.

ಹಾಗೆಂದು ತಡೆಯೆಲ್ಲ ಅನ್ಯಾಯವಲ್ಲ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ನ ಆಯುಷ್ಯ ಮುಗಿಯಿತು, ಜನವರಿ 12ರಿಂದ ಅದು ತಾನಾಗಿಯೇ ಓಡಿಸುವುದನ್ನು ನಿಲ್ಲಿಸಿತು. ಅಲ್ಲಿ ಹೆಸರು ಬದಲಿಸಿ ಪ್ರಯೋಜನವಿಲ್ಲ. ಸುರಕ್ಷಿತ ಸಂಪರ್ಕದ ಹಳೆಯ ವಿಧಾನಗಳನ್ನು ತಾಣಗಳು ಕೈಬಿಟ್ಟದ್ದು ನಮ್ಮ ಪಾಸ್‌ವರ್ಡ್ ಕಾಯಲಿಕ್ಕೆ. ಇನ್ನು ಕೆಲವು ಹಳೆಯ ಯಂತ್ರಗಳಲ್ಲಿ ವಿಪಿ9 ಬಗೆಯ ವಿಡಿಯೋ ಬಂದರೆ ಫ್ಯಾನ್ ಕಿರುಚುತ್ತದೆ, ಚಿತ್ರ ತಡವರಿಸುತ್ತದೆ. ಆ ಬಗೆಯನ್ನು ಬಿಡಿಸುವ ಹಾರ್ಡ್‌ವೇರ್ ಅದರೊಳಗಿಲ್ಲ. ಅಲ್ಲಿ ಬೇಕಾದದ್ದು ಸುಳ್ಳಲ್ಲ, ‘ನನಗೆ ಎಚ್.264 ಕೊಡು’ ಎಂಬ ನಿಜವಾದ ಬೇಡಿಕೆ. ಯೂಟ್ಯೂಬ್‌ಗೆ ಹಾಗೆ ಕೇಳುವ ಪುಟ್ಟ ಎಕ್ಸ್‌ಟೆನ್ಷನ್‌ಗಳೇ ಇವೆ. (ವಿಂಡೋಸ್ 7 ಇಟ್ಟುಕೊಂಡವರು ಕ್ರೋಮ್ 109ಕ್ಕಿಂತ ಫೈರ್‌ಫಾಕ್ಸ್ 115 ಇಎಸ್‌ಆರ್ ಹಾಕಿಕೊಳ್ಳುವುದು ಮೇಲು. ಅದರ ಸುರಕ್ಷತಾ ನವೀಕರಣದ ಗಡುವನ್ನು ಮೊಜಿಲ್ಲಾ ಹಲವು ಸಲ ಮುಂದೂಡಿತು.) ಹುಡುಗನ ಪ್ರಕರಣ ಬೇರೆ. ಹೆಸರು ಬದಲಿಸಿದ್ದಕ್ಕೆ ವಿಡಿಯೋ ಓಡಿತು ಅಂದರೆ ಕೊರತೆ ಅವನ ಬ್ರೌಸರಿನಲ್ಲಿ ಇರಲಿಲ್ಲ. ತಾಣದವರು ‘ನಿಮ್ಮ ಆವೃತ್ತಿಯಲ್ಲಿ ನಾವು ಪರೀಕ್ಷಿಸಿಲ್ಲ, ಬೇಕಾದರೆ ಓಡಿಸಿ ನೋಡಿ’ ಎಂದಿದ್ದರೆ ಅದು ಪ್ರಾಮಾಣಿಕ ಮಾತಾಗುತ್ತಿತ್ತು.

ಅವನ ಪ್ರಶ್ನೆ ನನ್ನನ್ನು ಕಾಡಿದ್ದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಕಡೆ ಬಾಡಿಗೆಗೆ ಕೋಣೆ ಕೇಳಲು ಹೋದರೆ ಅಡ್ಡಹೆಸರು ಕೇಳುತ್ತಾರೆ, ಅದರಿಂದ ತಿಳಿಯದಿದ್ದರೆ ‘ನೀವು ಯಾರ ಪೈಕಿ?’ ಎನ್ನುತ್ತಾರೆ. ಬಾಡಿಗೆ ಕಟ್ಟಬಲ್ಲನೇ, ಕೋಣೆ ಚೊಕ್ಕಟವಾಗಿ ಇಡುತ್ತಾನೆಯೇ ಎಂಬುದು ಆಮೇಲಿನ ಮಾತು. ಬೇರೆ ಅಡ್ಡಹೆಸರು ಹೇಳಿ ಕೋಣೆ ಹಿಡಿದ ದಲಿತ ಹುಡುಗರು ಕೊಪ್ಪಳ, ಗಂಗಾವತಿಯಲ್ಲಿ ನನಗೆ ಗೊತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ತಡೆಸಿಕೊಂಡ ಬ್ರೌಸರಿಗೆ ಅವಮಾನವಾಗುವುದಿಲ್ಲ. ಇದೇ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲಿನೊಳಗೆ ದಲಿತರನ್ನು ಬಿಟ್ಟುಕೊಳ್ಳದ ಜಗಳ ಬೆಳೆದು 2014ರ ಆಗಸ್ಟ್‌ನಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಆಮೇಲೆ ಹೈಕೋರ್ಟಿಗೂ ಹೋಯಿತು. ತೂಕ ಬೇರೆಯಾದರೂ ಬಾಗಿಲಲ್ಲಿ ಕೇಳುವ ಪ್ರಶ್ನೆಯ ರೂಪ ಒಂದೇ. ಅಂಥ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟವನನ್ನು ಮೋಸಗಾರ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಆ ಸುಳ್ಳಿಗೆ ಬೆಲೆ ಇದೆ, ಅದನ್ನು ತೆರುವವರು ಬೇರೆ ಯಾರೋ. ತಾಣದವರು ತಮ್ಮ ದಾಖಲೆ ತೆಗೆದು ಯಾವ ಬ್ರೌಸರಿನಿಂದ ಎಷ್ಟು ಜನ ಬಂದರು ಎಂದು ಎಣಿಸುತ್ತಾರೆ. ಹೆಸರು ಬದಲಿಸಿದವರೆಲ್ಲ ಅಲ್ಲಿ ಹೊಸ ಕ್ರೋಮ್‌ನವರಾಗಿಯೇ ಕಾಣುತ್ತಾರೆ. ಹಳೆಯದನ್ನು ಈಗ ಯಾರೂ ಬಳಸುವುದಿಲ್ಲ ಎಂಬ ತೀರ್ಮಾನಕ್ಕೆ ಅಷ್ಟು ಸಾಕು. ಎಫ್12 ಗೊತ್ತಿಲ್ಲದ ಕುಷ್ಟಗಿಯ ಹುಡುಗಿ ಹೊರಗೇ ಉಳಿಯುತ್ತಾಳೆ. ಮನೆಯ ಮಾಲೀಕನೂ ಹೀಗೆಯೇ, ‘ನಾವು ಅಂಥವರಿಗೆ ಎಂದೂ ಕೊಟ್ಟಿಲ್ಲ’ ಎಂದು ನಂಬಿಕೊಂಡೇ ಇರುತ್ತಾನೆ, ಆ ಹುಡುಗ ಮೂರು ವರ್ಷ ಅವನ ಮಾಳಿಗೆಯಲ್ಲೇ ಇದ್ದು ಹೋಗಿರುತ್ತಾನೆ.

ಆದ್ದರಿಂದ ಯಲಬುರ್ಗಾದ ಹುಡುಗನಿಗೆ ನಾನು ಹೇಳಿದ್ದು: ಮೋಸ ಅಲ್ಲ, ನೋಡು; ನೋಡಿದ ಮೇಲೆ ತಾಣದವರಿಗೆ ನಾಲ್ಕು ಸಾಲು ಬರೆ. ವಿಂಡೋಸ್ 7, ಕ್ರೋಮ್ 109 ಎಂದು ನಿಜ ಹೇಳು, ಹೆಸರು ಬದಲಿಸಿದಾಗ ಪೂರ್ತಿ ಪಾಠ ಓಡಿತು ಎಂದೂ ಬರೆ. ಅವನು ಬರೆದ. ಉತ್ತರ ಬಂದಿಲ್ಲ, ಬಂದೀತು. ಬರೆದದ್ದಕ್ಕೆ ಅವನೇನೂ ಕಳೆದುಕೊಳ್ಳಲಿಲ್ಲ. ಮಾಳಿಗೆಯ ಕೋಣೆಯ ಹುಡುಗ ಮಾಲೀಕನಿಗೆ ಅಂಥದೇ ನಾಲ್ಕು ಸಾಲು ಬರೆದರೆ ಸಂಜೆಯೊಳಗೆ ಗಂಟು ಕಟ್ಟಬೇಕಾಗುತ್ತದೆ.